ಮೂವತ್ತೆಂಟು ಹಲ್ಲಿನ ಸವಾರ

ಚೌತಿಯ ಗಣಪತಿ ನೀರಿಗೆ ಹೋಗಿ ವಾರವಾಗಿತ್ತು. ಶ್ರಾವಣದಿಂದ ಬಾಯಿ ಕಟ್ಟಿಕೊಂಡಿದ್ದ ಮನೆಗಳೆಲ್ಲ ಈಗ ಒಟ್ಟಿಗೇ ಮೀನು ಬೇಕೆಂದು ಕೂತಿದ್ದವು. ಮಳೆಯೂ ನಡುನಡುವೆ ನಿಂತು ಹೊಳವಾಗುತ್ತಿತ್ತು. ಹೀಗಾಗಿ ಆ ಭಾನುವಾರ ಬೆಳಗಿನ ಆರು ಗಂಟೆಗೆ ಬೈತಖೋಲದ ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋಟಿನಿಂದ ದಕ್ಕೆಗೆ, ದಕ್ಕೆಯಿಂದ ಐಸಿನ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಟೆಂಪೋಗೆ ಬಂಗಡೆ ಹರಿಯುತ್ತಲೇ ಇತ್ತು.

ನಿತಿನನ ಟೆಂಪೋದಲ್ಲಿ ಹನ್ನೊಂದು ಪೆಟ್ಟಿಗೆ ಏರಿ ಆಗಿತ್ತು. ಹನ್ನೆರಡನೆಯದರ ಒಂದು ಕಿವಿ ನಿತಿನನ ಕೈಯಲ್ಲಿ, ಇನ್ನೊಂದು ಕಿವಿ ರಾಜೀವನ ಕೈಯಲ್ಲಿ. ರಾಜೀವ ಮೀನು ವ್ಯಾಪಾರದವನಲ್ಲ. ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಶಿರವಾಡದಲ್ಲಿ ನಿತಿನನ ನೆರೆಮನೆಯವ, ವಯಸ್ಸು ನಲವತ್ತಮೂರು. ಪ್ರತಿ ಭಾನುವಾರ ಅಂಕೋಲೆಯ ಶೆಟಗೇರಿಯಲ್ಲಿರುವ ಅಣ್ಣನ ಮನೆಗೆ ಗದ್ದೆ ನೋಡಲು ಹೋಗುತ್ತಾನೆ. ಟೆಂಪೋದಲ್ಲಿ ಕೂರಿಸಿಕೊಂಡು ಹೋಗುವ ನಿತಿನನಿಗೆ ಪೆಟ್ಟಿಗೆ ಎತ್ತಿಕೊಡುತ್ತಾನೆ. ಎಲ್ಲ ಪೆಟ್ಟಿಗೆ ಏರಿದ ಮೇಲೆ ಅವುಗಳ ನೆತ್ತಿಗೆ ರಾಜೀವನ ಗೇರ್ ಸೈಕಲ್ಲು ಏರುತ್ತದೆ. ನೈಲಾನ್ ಹಗ್ಗದಲ್ಲಿ ಬಿಗಿಸಿಕೊಂಡು, ಎರಡೂ ಚಕ್ರ ಆಕಾಶಕ್ಕೆ ಮಾಡಿ, ಸತ್ತ ಏಡಿಯ ಹಾಗೆ ಅಂಗಾತ ಮಲಗುತ್ತದೆ.

ಅಷ್ಟರಲ್ಲಿ ರಾಜೀವನ ಅಂಗಿಯ ಜೇಬಿನಲ್ಲಿ ಮೊಬೈಲು ಗುರ್ರೆಂದಿತು. ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದೇ ಇನ್ನೊಂದು ಕೈಯಿಂದ ತೆಗೆದು ನೋಡಿದ. ಕಚೇರಿಯ ಮುಖ್ಯಸ್ಥೆ ಸುಮಲತಾ ಮೇಡಂ ಬರೆದಿದ್ದರು.

‘ರಾಜೀವ ಅವರೇ, ಬಿಣಗಾ ಘಟ್ಟದಲ್ಲಿ ನನ್ನ ಸೈಕಲ್ಲು ಎಳೆಯುತ್ತಿಲ್ಲ. ಅರ್ಧಕ್ಕೇ ಇಳಿದು ದೂಡಬೇಕಾಯಿತು. ಮುಂದಿನ ಚೈನ್‌ರಿಂಗ್ ಮೂವತ್ತೆರಡು ಹಲ್ಲಿನದು. ಬೇರೆ ಅಳತೆಯದು ತರಿಸಬೇಕು. ನಿಮ್ಮ ಸೈಕಲ್ಲಿಗೂ ಮುಂದೆ ಒಂದೇ ಇರುವುದಲ್ಲವೇ? ನೀವು ಎಷ್ಟು ಹಲ್ಲಿನದು ಹಾಕಿದ್ದೀರಿ?’

ರಾಜೀವನ ಕೈ ಸಡಿಲಾಯಿತು. ಪೆಟ್ಟಿಗೆ ಒಂದು ಬದಿಗೆ ವಾಲಿ, ನಿತಿನನ ಪಾದದ ಮೇಲೆ ಕೂತಿತು. ನಾಲ್ಕಾರು ಬಂಗಡೆಗಳು ಐಸಿನ ಸಮೇತ ಜಾರಿ ದಕ್ಕೆಯ ಮೇಲೆ ಓಡಿದವು.

“ಅರೇ ದೇವಾ! ಎಂತಾ ಆಯ್ತು ರಾಜೀವಣ್ಣಾ? ಯಾರಾದ್ರೂ ಹೋದ್ರಾ?” ನಿತಿನ ಒಂಟಿಕಾಲಿನಲ್ಲಿ ಕುಣಿದ.

“ಇನ್ನೂ ಹೋಗ್ಲಿಲ್ಲ ಮಾರಾಯ. ಹೋಗುದು ನಾನೇ,” ಎಂದ ರಾಜೀವ.

ಅವನ ಹೆದರಿಕೆಗೆ ಕಾರಣವಿತ್ತು. ಸಕ್ಕರೆ ಕಾಯಿಲೆಯ ಡಾಕ್ಟರು ಗದರಿಸಿದ್ದಕ್ಕೆ ಅವನು ವರ್ಗವಾಗಿ ಹೋಗುತ್ತಿದ್ದ ನೌಕಾಪಡೆಯ ಒಬ್ಬರಿಂದ ಈ ಸೈಕಲ್ಲನ್ನು ಕೊಂಡಿದ್ದ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದ ಮೊದಲ ಭಾನುವಾರ, ಸವಾರಿಯ ದೂರ ವೇಗಗಳನ್ನು ಬರೆದಿಡುವ ಆ್ಯಪನ್ನು ಮೊಬೈಲಿನಲ್ಲಿ ಚಾಲೂ ಮಾಡಿ, ಶೆಟಗೇರಿಗೆಂದು ಹೊರಟ. ಶಿರವಾಡದಿಂದ ಬೈತಖೋಲದವರೆಗೆ ಸಪಾಟು ರಸ್ತೆ, ಚೆನ್ನಾಗಿಯೇ ತುಳಿದ. ಘಟ್ಟದ ಬುಡ ಬಂದಿತು. ಎಂಟು ಸುತ್ತು ತುಳಿಯುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬಾಯಿ ತೆರೆದು ಉಸಿರು ಹುಡುಕುತ್ತಿದ್ದಾಗ ನಿತಿನನ ಟೆಂಪೋ ಬಂತು. ಸೈಕಲ್ಲು ಪೆಟ್ಟಿಗೆಯ ಮೇಲೇರಿತು, ರಾಜೀವ ಮುಂದಿನ ಸೀಟಿಗೇರಿದ. ಮೊಬೈಲಿನ ಆ್ಯಪನ್ನು ನಿಲ್ಲಿಸಲು ಮರೆತ.

ಅದೂ ಹೊಸ ಟೆಂಪೋ ಆಗಿದ್ದರೆ ಅಂದೇ ಬಣ್ಣ ಬಯಲಾಗುತ್ತಿತ್ತು. ನಿತಿನನದು ಹಳೆಯದು. ಘಟ್ಟದಲ್ಲಿ ಕೆಮ್ಮುತ್ತ ತೆವಳುತ್ತದೆ. ಬಿಣಗಾ, ಅಮದಳ್ಳಿ, ಅವರ್ಸಾಗಳಲ್ಲಿ ನಿಂತು ಒಂದೊಂದು ಪೆಟ್ಟಿಗೆ ಇಳಿಸುತ್ತದೆ. ಒಟ್ಟು ಲೆಕ್ಕ ಹಾಕಿದರೆ ಅದರ ವೇಗ ಒಬ್ಬ ಕಟ್ಟುಮಸ್ತಾದ ಸೈಕಲ್ ಸವಾರನ ವೇಗಕ್ಕೆ ಸರಿಯಾಗಿ ಕೂಡುತ್ತದೆ. ಅಂಕೋಲೆಯಲ್ಲಿ ಇಳಿದು ನೋಡಿದರೆ, ರಾಜೀವ ಕಾರವಾರದಿಂದ ಅಂಕೋಲೆಗೆ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಸೈಕಲ್ ತುಳಿದನೆಂದು ಮೊಬೈಲೇ ಊರಿಗೆಲ್ಲ ಸಾರಿಬಿಟ್ಟಿತ್ತು. ಕಚೇರಿಯ ಇಪ್ಪತ್ತೆರಡು ಮಂದಿ ಶಹಬ್ಬಾಸ್ ಎಂದಿದ್ದರು. ಹೆಂಡತಿ ಹೀರಾ ಅದನ್ನು ಶಿರವಾಡದ ಮನೆಮನೆಗೆ ಮುಟ್ಟಿಸಿ, ಬೆಳಗಿನ ತಿಂಡಿಗೆ ಎರಡು ಮೊಟ್ಟೆ ಹೆಚ್ಚು ಇಡತೊಡಗಿದಳು. ಮೊಟ್ಟೆ ತಿಂದ ಮೇಲೆ ನಿಜ ಹೇಳುವುದು ಹೇಗೆ? ಮುಂದಿನ ಭಾನುವಾರವೂ ಟೆಂಪೋ. ಅದರ ಮುಂದಿನದೂ.

ಸುಮಲತಾ ಮೇಡಂ ಬಂದು ಮೂರೇ ತಿಂಗಳಾಗಿತ್ತು. ಧಾರವಾಡದ ಕಡೆಯವರು, ತಾವೂ ಸೈಕಲ್ ತುಳಿಯುವವರು. ಸುಳ್ಳು ಎಂದರೆ ಅವರಿಗೆ ಮೈಯುರಿ. ಮನೆಯಲ್ಲಿ ಮಲಗಿ ಕೆಲಸದ ಮೇಲೆ ಪ್ರವಾಸದಲ್ಲಿದ್ದೇನೆಂದು ಬರೆದ ಸಹೋದ್ಯೋಗಿ ಹರೀಶನಿಗೆ ನೋಟಿಸು ಕೊಟ್ಟು, ಹದಿನೈದೇ ದಿನದಲ್ಲಿ ಕಾಡಿನ ನಡುವಿನ ಜೋಯಿಡಾಕ್ಕೆ ಕಳಿಸಿದ್ದರು. ಅಲ್ಲಿಗೆ ಹೋದ ಮೇಲೆ ಹರೀಶ ಕಳಿಸಿದ ಫೋಟೋದಲ್ಲಿ ಅವನ ಕಣ್ಣುಗಳು ಮೂರು ದಿನದ ಬಂಗಡೆಯ ಕಣ್ಣಿನ ಹಾಗಿದ್ದವು. 

ಹನ್ನೆರಡನೆಯ ಪೆಟ್ಟಿಗೆಯೂ ಅದರ ಮೇಲೆ ಸೈಕಲ್ಲೂ ಏರಿದ ಮೇಲೆ ರಾಜೀವ ಟೆಂಪೋ ಹತ್ತಿ, ಪೆಡಲಿನ ಬುಡದಲ್ಲಿ ಚೈನು ಸುತ್ತಿಕೊಂಡ ಹಲ್ಲಿನ ಚಕ್ರವನ್ನು ಎಣ್ಣೆ ಬೆರಳಿನಿಂದ ಎಣಿಸಿದ. ಮೂವತ್ತೆರಡು. ಮತ್ತೊಮ್ಮೆ ಎಣಿಸಿದ. ಮೂವತ್ತೆರಡೇ. ಕೂಡಲೇ ಕಚೇರಿಯ ಟೈಪಿಸ್ಟ್ ರೋಷನನಿಗೆ ಫೋನು ಮಾಡಿದ. ಟೆಂಪೋದ ಗುಟ್ಟು ನಿತಿನನನ್ನು ಬಿಟ್ಟರೆ ಗೊತ್ತಿದ್ದದ್ದು ರೋಷನನೊಬ್ಬನಿಗೇ.

“ಮೂವತ್ತೆರಡು ಅಂತ ಬರೆದ್ರೆ ಸತ್ರಿ ರಾಜೀವಣ್ಣಾ,” ಎಂದ ರೋಷನ. “ಮೇಡಮ್ಮಿಂದೂ ಮೂವತ್ತೆರಡು, ನಿಮ್ದೂ ಮೂವತ್ತೆರಡು. ಹಂಗಾದ್ರೆ ಅವ್ರು ಇಳಿದು ದೂಡುದು, ನೀವು ಹಾರಿ ಹೋಗುದು ಹೆಂಗೆ? ನಿಮ್ಮ ಸ್ಪೀಡಿಗೆ ಮೂವತ್ತೆಂಟರ ಕೆಳಗೆ ಯಾರೂ ನಂಬುದಿಲ್ಲ.”

“ಮೂವತ್ತೆಂಟಂದ್ರೆ ಎಂತಾಗ್ತದೆ?”

“ಹಲ್ಲು ಹೆಚ್ಚಾದಷ್ಟು ಒಂದು ತುಳಿತಕ್ಕೆ ದೂರ ಹೋಗ್ತದೆ. ಕಾಲಲ್ಲಿ ಕಸುವು ಬೇಕು ಅಷ್ಟೇ. ನಿಮ್ಮ ಕಾಲಿಗಂತೂ ಇಂಜಿನ್ ಉಂಟಲ್ಲ. ಬರೀರಿ ಬರೀರಿ.” ಆಮೇಲೆ ನೆನಪಾದವನಂತೆ ನರಳಿದ. “ನನ್ನ ಮೊಣಕಾಲು ನೋಡಿ, ಎಳೀತದೆ. ನೀವು ಚೌತಿ ರಜೆಯಲ್ಲಿದ್ದಾಗಿಂದ ಪಟ್ಟಿ ಕಟ್ಟಿದ್ದೇ.”

ರಾಜೀವ ‘ಮೂವತ್ತೆಂಟು ಮೇಡಂ’ ಎಂದು ಬರೆದ. ಎರಡೇ ನಿಮಿಷದಲ್ಲಿ ಉತ್ತರ ಬಂತು.

‘ಆ ಘಟ್ಟಕ್ಕೆ ಮೂವತ್ತೆಂಟೇ! ಕಣ್ಣಾರೆ ನೋಡದೆ ನಂಬುವವಳಲ್ಲ ನಾನು. ಇವತ್ತು ಸಂಜೆ ನಾಲ್ಕಕ್ಕೆ ಘಟ್ಟದ ಬುಡಕ್ಕೆ ಬನ್ನಿ. ನಿಮ್ಮ ಹಿಂದೆಯೇ ಹತ್ತುತ್ತೇನೆ. ನಾಳೆ ಒಂದು ಪಟ್ಟಿಯನ್ನು ಮೇಲಿನವರಿಗೆ ಕಳಿಸಬೇಕಿದೆ. ಅದಕ್ಕೆ ಮೊದಲು ನಿಮ್ಮನ್ನು ನೋಡಬೇಕು.’

ಪಟ್ಟಿ! ರಾಜೀವ ಐಸಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಹರೀಶನ ಹೆಸರು ಹೋದದ್ದೂ ಒಂದು ಪಟ್ಟಿಯಲ್ಲೇ.

“ಪಂಚಾಯ್ತಿಗೆ ಬಿದ್ದಿ ನೋಡು,” ಎಂದು ಮೊಬೈಲಿಗೆ ಇಣುಕಿದ ನಿತಿನ ಹಗ್ಗ ಬಿಚ್ಚಿ ಸೈಕಲ್ಲನ್ನು ಕೆಳಗಿಳಿಸಿದ. “ನಂಗೆ ಹೊತ್ತಾಯ್ತು. ಅಂಕೋಲಾ ಪೇಟೆ ಮುಗಿಯುದ್ರೊಳಗೆ ಮುಟ್ಟಬೇಕು. ಜಟ್ಟಿ ಮಾಮನ ಹತ್ರ ಹೋಗು. ಹಲ್ಲಿನ ಚಕ್ರದ ಕೆಲಸ ಬೈತಖೋಲದಲ್ಲಿ ಅವನನ್ನ ಬಿಟ್ರೆ ಇಲ್ಲ.”

ಜಟ್ಟಿ ಬೋಟಿನ ಇಂಜಿನು ರಿಪೇರಿಯವ. ಬಲೆ ಎಳೆಯುವ ವಿಂಚುಗಳಿಗೆ ಹಲ್ಲು ಕೂರಿಸುವುದರಲ್ಲಿ ಅರವತ್ತು ವರ್ಷದ ಆಯುಸ್ಸಿನ ಮುಕ್ಕಾಲು ಭಾಗ ಕಳೆದವ. ಬಂದರಿನ ಮೂಲೆಯ ಅವನ ತಗಡಿನ ಶೆಡ್ಡಿನಲ್ಲಿ ಗ್ರೀಸಿನ ವಾಸನೆ. ಹೊರಗೆ ನೆರಳಲ್ಲಿ ಮಂಗೇಶನೆಂಬವ ಬಲೆಯ ರಾಶಿಯ ನಡುವೆ ಕೂತು ಹರಿದ ಕಣ್ಣು ಹೊಲಿಯುತ್ತಿದ್ದ. ರಾಜೀವ ಹೇಳಿದ್ದನ್ನು ಜಟ್ಟಿ ಕಿವಿಯಿಂದ ಕೇಳಿದನೋ ಇಲ್ಲವೋ. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲು ತಿರುಗಿಸಿ, ಸದ್ದನ್ನು ಮಾತ್ರ ಕೇಳಿದ. ಆಮೇಲೆ ಮೊಳೆಗೆ ತೂಗುಹಾಕಿದ್ದ ಹಲ್ಲಿನ ಮೂರು ಚಕ್ರಗಳನ್ನು ಇಳಿಸಿ ನೆಲದ ಮೇಲೆ ಇಟ್ಟ. ದೊಡ್ಡದು, ನಡುವಿನದು, ಸಣ್ಣದು. ಗುಜರಿಗೆ ಬಂದ ಹಳೇ ಗೇರ್ ಸೈಕಲ್ಲಿನವು.

“ನಲವತ್ತೆಂಟು, ಮೂವತ್ತೆಂಟು, ಇಪ್ಪತ್ತೆಂಟು. ಯಾವ್ದು?”

“ಮೂವತ್ತೆಂಟು.”

“ಘಟ್ಟ ಹತ್ತುದು ಯಾರು? ನೀನಾ?” ಜಟ್ಟಿ ಅವನ ಕಾಲುಗಳನ್ನು ನೋಡಿದ, ಕರುವನ್ನು ಕೊಳ್ಳುವವ ನೋಡುವ ಹಾಗೆ. “ತಮ್ಮಾ, ವಿಂಚಿಗೆ ದೊಡ್ಡ ಚಕ್ರ ಹಾಕಿದ್ರೆ ಖಾಲಿ ಬಲೆ ಭರ್ರಂತ ಬರ್ತದೆ. ಬಲೆ ತುಂಬಿದಾಗ ಇಂಜಿನ್ನೇ ಅಳ್ತದೆ. ನಿನ್ನ ಬಲೆ,” ಎಂದು ರಾಜೀವನ ಹೊಟ್ಟೆಗೆ ಸ್ಪ್ಯಾನರಿನಿಂದ ಒತ್ತಿದ, “ತುಂಬಿದ್ದು. ಇಪ್ಪತ್ತೆಂಟು ಹಾಕು.”

“ನಂಗೆ ಕೇಳಿದ್ರೆ ನಲವತ್ತೆಂಟು ಹಾಕು,” ಎಂದ ಮಂಗೇಶ ಸೂಜಿಯಿಂದ ತಲೆಯೆತ್ತದೆ. “ಹೆಂಗೂ ಸಾಯುದು, ದೊಡ್ಡದ್ರಲ್ಲೇ ಸಾಯಿ. ಹೆಸ್ರಾದ್ರೂ ಉಳೀತದೆ.”

ರಾಜೀವ ಮೂವತ್ತೆಂಟನ್ನೇ ಹಟ ಹಿಡಿದ. ಜಟ್ಟಿ ಎರಡು ತೂತು ಕೊರೆದು, ಅಂಚು ಅರೆದು, ಚೈನಿಗೆ ಮೂರು ಕೊಂಡಿ ಸೇರಿಸಿ ಕೂರಿಸಿಕೊಟ್ಟ. ಬಂದರಿನಿಂದ ಹೆದ್ದಾರಿಗೆ ಏರುವ ಸಣ್ಣ ಏರಿನಲ್ಲಿ ಪರೀಕ್ಷೆ. ಮೊದಲ ಹತ್ತು ಮಾರು ರಾಜೀವ ಏರಿದ. ಹನ್ನೊಂದನೆಯ ಮಾರಿನಲ್ಲಿ ಪೆಡಲು ಸಿಮೆಂಟಿನಲ್ಲಿ ಹೂತ ಹಾಗೆ ನಿಂತಿತು. ಅವನು ಇಡೀ ದೇಹವನ್ನು ಬಲಗಾಲಿನ ಮೇಲೆ ಹೇರಿದ. ಮೊಣಕಾಲಲ್ಲಿ ಏನೋ ಲಟಕ್ಕೆಂದಿತು. ಸೈಕಲ್ಲು ಒಂದು ಗಳಿಗೆ ಯೋಚನೆ ಮಾಡಿ, ಹಿಮ್ಮುಖವಾಗಿ ಜಾರತೊಡಗಿತು. ಬಂದರಿನ ಹೆಂಗಸರು ದಾರಿ ಬಿಟ್ಟರು. ರಾಜೀವ ಬೆನ್ನು ಮುಂದಾಗಿ ಜಟ್ಟಿಯ ಶೆಡ್ಡನ್ನು ದಾಟಿ ಮಂಗೇಶನ ಬಲೆಯ ರಾಶಿಯಲ್ಲಿ ಅಡ್ಡಬಿದ್ದ. ಕೈ ಬಿಡಿಸಿಕೊಂಡರೆ ಕಾಲು ಸಿಕ್ಕಿತು, ಕಾಲು ಬಿಡಿಸಿಕೊಂಡರೆ ಹ್ಯಾಂಡಲ್ಲು ಸಿಕ್ಕಿತು.

“ಬೆಳಗಿಂದ ಹೊಲಿದದ್ದೆಲ್ಲ ಹೋಯ್ತಲ್ಲೋ!” ಮಂಗೇಶ ತಲೆಗೆ ಕೈ ಹೊತ್ತ. “ಬಿದ್ದದ್ದಾದ್ರೂ ತಿನ್ನುವಂಥಾದ್ದಾ ಅಂದ್ರೆ ಅದೂ ಅಲ್ಲ.”

ಬಲೆಯೊಳಗೆ ಮಲಗಿಯೇ ರಾಜೀವ ತನ್ನ ಸ್ಥಿತಿಯನ್ನು ಪೂರ್ತಿಯಾಗಿ ಕಂಡ. ಮೂವತ್ತೆಂಟು ಹಾಕಿದರೆ ಸೈಕಲ್ಲು ನಿಂತಿರುವಷ್ಟು ಹೊತ್ತು ಮಾನ ಉಳಿಯುತ್ತದೆ, ಹತ್ತಲು ತೊಡಗಿದ ಎಂಟನೆಯ ತುಳಿತಕ್ಕೆ ಹೋಗುತ್ತದೆ. ಇಪ್ಪತ್ತೆಂಟು ಹಾಕಿದರೆ ಬಹುಶಃ ಹತ್ತಬಹುದು, ಆದರೆ ಮೇಡಂ ಹಲ್ಲು ಎಣಿಸಿದ ಗಳಿಗೆಗೆ ಹೋಗುತ್ತದೆ. ಎರಡರ ಕೊನೆಯಲ್ಲೂ ಜೋಯಿಡಾದ ಬಸ್ಸು ನಿಂತಿತ್ತು.

ರೋಷನನಿಗೆ ಮತ್ತೆ ಫೋನು ಹೋಯಿತು. “ಮೂವತ್ತೆಂಟೇ ಇರ್ಲಿ ರಾಜೀವಣ್ಣಾ. ಎರಡು ದಿನ ಕಾಲು ನೋಯ್ತದೆ, ನೋಟಿಸಾದ್ರೆ ಸರ್ವಿಸ್ ಪೂರ್ತಿ ನೋಯ್ತದೆ,” ಎಂದ ಅವನು. ಅದರ ಹಿಂದೆಯೇ ಹೀರಾಳ ಫೋನು ಬಂತು. “ಕೇಳ್ತಾ? ನಿಮ್ಮ ಮೇಡಮ್ಮು ಈಗ ಸಂತೆಯಲ್ಲಿ ಸಿಕ್ಕಿದ್ರು. ಸಂಜೆಗೆ ನೀವು ಇಬ್ರೂ ಘಟ್ಟ ಹತ್ತುದಂತಲ್ಲ! ನಿಮ್ಮ ಯಜಮಾನ್ರು ದೊಡ್ಡ ಮನುಷ್ಯ ಅಂದ್ರು. ನಾನು ಅಲ್ಲಿದ್ದೋರಿಗೆಲ್ಲ ಹೇಳಿದೆ.” ಅವಳ ದನಿಯಲ್ಲಿ ಹಬ್ಬವಿತ್ತು. 

ಫೋನಿಟ್ಟ ರಾಜೀವನ ಮುಖ ನೋಡಿ ಜಟ್ಟಿಗೆ ಕನಿಕರ ಬಂದಿತೋ, ಎದುರಿಗೆ ಬಿದ್ದ ಕೆಲಸವನ್ನು ಸೋತು ಬಿಡಲಾಗದ ಹಟವೋ, ಬೀಡಿ ಆರಿಸಿ ಎದ್ದ. ಮೂಲೆಯಲ್ಲಿ ಮೀನಿಗೆ ಉಪ್ಪು ಹಾಕಿಡುವ ನೀಲಿ ಡ್ರಮ್ಮೊಂದಿತ್ತು. ಅದರ ಮುಚ್ಚಳ ತೆಗೆದು, ಮೂವತ್ತೆಂಟರ ಚಕ್ರವನ್ನು ಅದರ ಮೇಲಿಟ್ಟು ಗೆರೆ ಎಳೆದು, ಗೆರೆಯ ಮೇಲೆ ಗುಂಡಗೆ ಕೊಯ್ದ.

“ಒಳಗೆ ಇಪ್ಪತ್ತೆಂಟು. ಹೊರಗೆ ಈ ಮುಚ್ಚಳ. ನೋಡಿದವ್ರಿಗೆ ಮೂವತ್ತೆಂಟು. ಉಸುಕು ಬೀಳ್ಬಾರ್ದು ಅಂತ ಮುಚ್ಚಿದ್ದು ಅನ್ನು.” ಕಾಯಿಸಿದ ಮೊಳೆಯಿಂದ ಮುಚ್ಚಳದ ಮೇಲೆ ೩೮ ಎಂದು ಕೊರೆದೂ ಕೊಟ್ಟ.

ರಾಜೀವ ಅವನ ಕಾಲಿಗೆ ಬೀಳಲು ಬಗ್ಗಿದ. ಬಗ್ಗಿದಾಗ ಮೂಗಿಗೆ ಮುಚ್ಚಳದ ವಾಸನೆ ಬಡಿದು ಹಾಗೇ ಮೇಲೆದ್ದ. ನಾಲ್ಕು ಮಳೆಗಾಲದ ಉಪ್ಪುಮೀನು ಅದರಲ್ಲಿ ಇಳಿದಿತ್ತು.

“ಇನ್ನೊಂದು ಮಾತು,” ಎಂದ ಜಟ್ಟಿ ಚೈನಿನ ಕೊಂಡಿಗಳನ್ನು ಕಡಿಮೆ ಮಾಡುತ್ತ. “ನಿನ್ನ ಹಳೇ ಚಕ್ರದ ಹಲ್ಲು ನೋಡು, ಒಂದು ದಪ್ಪ, ಒಂದು ಸಪೂರ. ಮುಂದೆ ಒಂದೇ ಚಕ್ರ ಇದ್ದಾಗ ಚೈನು ಹಾರ್ಬಾರ್ದು ಅಂತ ಹಂಗೆ ಮಾಡಿದ್ದು. ಇದು ಹಂಗಲ್ಲ, ಎಲ್ಲ ಸಮ. ಕುಲುಕಿದ್ರೆ ಚೈನು ಬೀಳ್ತದೆ. ಕುಲುಕ್ಬೇಡ.”

ಶಿರವಾಡದಲ್ಲಿ ಅವನ ಮನೆಯ ಮುಂದಿನ ರಸ್ತೆಯನ್ನು ಬಿಟ್ಟರೆ ಅತಿ ಹೆಚ್ಚು ಕುಲುಕುವ ರಸ್ತೆ ಆ ಘಟ್ಟದ್ದೇ ಎಂದು ರಾಜೀವನಿಗೆ ಗೊತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವನು ಘಟ್ಟದ ಬುಡಕ್ಕೆ ಬಂದ. ಒಂಟಿಯಾಗಿ ಬರಲಿಲ್ಲ. ಬಂದರು ದಾಟುವಾಗಲೇ ಒಂದು ಕೆಂದು ನಾಯಿ ಮುಚ್ಚಳದ ವಾಸನೆ ಹಿಡಿದು ಹಿಂದೆ ಬಿದ್ದಿತ್ತು. ಹಚಾ ಎಂದರೆ ನಿಲ್ಲುತ್ತದೆ, ಮುಂದೆ ಹೋದರೆ ಬರುತ್ತದೆ. ಸುಮಲತಾ ಮೇಡಂ ಹೆಲ್ಮೆಟ್ಟು, ಕಪ್ಪು ಕನ್ನಡಕದಲ್ಲಿ ಆಗಲೇ ಬಂದು ನಿಂತಿದ್ದರು. ಕನ್ನಡಕದ ಹಿಂದೆ ಕಣ್ಣು ಎಲ್ಲಿ ನೋಡುತ್ತಿದೆಯೆಂದು ತಿಳಿಯುವಂತಿರಲಿಲ್ಲ.

“ಇದೇನು ಮುಚ್ಚಿದ್ದೀರಿ?” ಎಂದು ಅವರು ಬಗ್ಗಿದರು.

“ಉ... ಉಸುಕು ಮೇಡಂ. ಕಡಲ ಉಸುಕು. ಒಳಗೆ ಹೋಗ್ತದೆ.”

“ಓಹೋ. ನಿಮ್ಮ ಊರಿನ ಉಪಾಯ.” ಅವರು ೩೮ರ ಮೇಲೆ ಬೆರಳಾಡಿಸಿದರು, ಬೆರಳನ್ನು ಮೂಸಿ ನೋಡಿ ಕರವಸ್ತ್ರಕ್ಕೆ ಒರೆಸಿಕೊಂಡರು. “ಸ್ವಲ್ಪ ತೆಗೆದು ತೋರಿಸ್ತೀರಾ? ಹಲ್ಲು ಎಷ್ಟು ಸವೆದಿದೆ ನೋಡಬೇಕಿತ್ತು.”

ಸ್ಪ್ಯಾನರು ತಂದಿಲ್ಲ ಎನ್ನಬೇಕೆಂದು ರಾಜೀವ ಬಾಯಿ ತೆರೆದ. ಜಟ್ಟಿ ಕೊಟ್ಟ ಸ್ಪ್ಯಾನರು ಅವನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಅಷ್ಟರಲ್ಲಿ ಕಡಲ ಕಡೆಯಿಂದ ಒಂದು ಸಣ್ಣ ಮಳೆ ಪಟಪಟನೆ ಬಂತು. “ಇರಲಿ ಬಿಡಿ, ಮಳೆ ಜೋರಾಗುವ ಮೊದಲು ಹತ್ತೋಣ. ನೀವು ಮುಂದೆ,” ಎಂದರು ಮೇಡಂ.

ರಾಜೀವ ಹಿಂದಿನ ಚಕ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಗೇರಿಗೆ ಚೈನನ್ನು ಏರಿಸಿದ, ಕಣ್ಣು ಮುಚ್ಚಿ ತುಳಿದ. ಎಂಟನೆಯ ತುಳಿತ ಬಂತು. ಕಣ್ಣಿಗೆ ಕತ್ತಲೆ ಬರುವುದನ್ನು ಕಾದ. ಬರಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಪೆಡಲುಗಳು ಕಡಗೋಲಿನ ಹಾಗೆ ಹಗುರಾಗಿ ತಿರುಗುತ್ತಿದ್ದವು. ಸೈಕಲ್ಲು ಮಾತ್ರ ಇದ್ದಲ್ಲೇ ಇದ್ದ ಹಾಗೆ. ಇಲ್ಲ, ಇದ್ದಲ್ಲಿರಲಿಲ್ಲ. ಪಕ್ಕದ ಕಲ್ಲುಗೋಡೆಯ ಮೇಲಿನ ಒಂದು ಬಸವನಹುಳವನ್ನು ಅವನು ನಿಧಾನವಾಗಿ ಹಿಂದೆ ಹಾಕಿದ.

ಹೆದರಿಕೆ ಹೋಗಲಿಲ್ಲ, ಜಾಗ ಬದಲಿಸಿತು. ಮೊದಲ ತಿರುವಿನಲ್ಲಿ ಲಾರಿಯೊಂದು ಕಿವಿಯ ಪಕ್ಕದಲ್ಲೇ ಹಾರ್ನು ಹಾಕಿ ಹೋಯಿತು. ಅದರ ಗಾಳಿಗೆ ಸೈಕಲ್ಲು ಕಮರಿಯ ಕಡೆ ವಾಲಿತು. ಕೆಳಗೆ, ಬಹಳ ಕೆಳಗೆ, ಕಡಲು ಬಂಡೆಗೆ ಬಡಿಯುತ್ತಿತ್ತು. ರಾಜೀವ ಕುಲದೇವರಿಂದ ತೊಡಗಿ ಅಣ್ಣನ ಹೆಂಡತಿಯ ತವರಿನ ದೇವರವರೆಗೆ ಎಲ್ಲರನ್ನೂ ಕರೆದ. ಎರಡನೆಯ ತಿರುವಿನ ಹೊಂಡದಲ್ಲಿ ಸೈಕಲ್ಲು ಕುಲುಕಿತು. ಚೈನು ಬಿತ್ತು. ಕಾಲು ಗಾಳಿಯಲ್ಲಿ ತಿರುಗಿತು. ಅವನು ಹಾರಿ ಇಳಿದು, ಮೈಯಿಂದ ಮುಚ್ಚಳವನ್ನು ಮರೆಮಾಡಿ, ಬೆರಳು ಜಜ್ಜಿಕೊಂಡು ಚೈನು ಏರಿಸಿದ. ನಾಯಿ ಪಕ್ಕದಲ್ಲಿ ಕೂತು ಕಾದಿತು. ಇಪ್ಪತ್ತು ಮಾರು ಹಿಂದೆ ಮೇಡಮ್ಮಿನ ಸೈಕಲ್ಲೂ ನಿಂತಿತು. ನೋಡುತ್ತಿದ್ದಾರೆ, ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂದುಕೊಂಡ ರಾಜೀವ.

ಮತ್ತೆ ಹತ್ತಿದ. ನಾಯಿ ಓಡುವ ಅಗತ್ಯವೇ ಇರಲಿಲ್ಲ. ಅವನ ಸಮಕ್ಕೆ, ಸಂಜೆಯ ತಿರುಗಾಟಕ್ಕೆ ಹೊರಟ ಪಿಂಚಣಿದಾರನ ಹಾಗೆ ನಡೆಯಿತು. ಮಳೆ ನಿಂತಿತು. ಬೆವರು ನಿಲ್ಲಲಿಲ್ಲ. ಕೊನೆಯ ತಿರುವು ಕಳೆದು, ರಸ್ತೆ ಮೇಲಕ್ಕೆ ಹೋಗುವುದನ್ನು ಬಿಟ್ಟು ಸಪಾಟಾಯಿತು. ನಂಬಿಕೆ ಬರದೆ ರಾಜೀವ ಇನ್ನೂ ಹತ್ತು ತುಳಿತ ತುಳಿದ. ಘಟ್ಟ ಮುಗಿದಿತ್ತು. ಹತ್ತಿದ್ದು ಟೆಂಪೋ ಅಲ್ಲ, ಅವನು! ಎದೆಯ ಬಡಿತದ ನಡುವೆ ಒಂದು ಸಣ್ಣ ಹೆಮ್ಮೆ ತಲೆ ಎತ್ತಿತು. ಹಿಂದೆ ಬ್ರೇಕಿನ ಸದ್ದು ಕೇಳಿದ್ದೇ ಅದು ಒಳಸರಿಯಿತು.

ಘಟ್ಟದ ನೆತ್ತಿಯಲ್ಲಿ ಕಾಮಿಯ ಎಳನೀರಿನ ಗಾಡಿ. ಮೇಡಂ ಎರಡು ಎಳನೀರು ಕೊಚ್ಚಲು ಹೇಳಿ, ಹೆಲ್ಮೆಟ್ಟು ತೆಗೆದು, ಕನ್ನಡಕ ತೆಗೆದರು.

“ಇಪ್ಪತ್ತೊಂಬತ್ತು ನಿಮಿಷ,” ಎಂದರು. “ನೀವು ಪ್ರತಿ ವಾರ ಈ ಘಟ್ಟವನ್ನು ಒಂಬತ್ತು ನಿಮಿಷದಲ್ಲಿ ಹತ್ತುವವರು.”

ರಾಜೀವ ಎಳನೀರನ್ನು ಬಾಯಿಯಿಂದ ಕೆಳಗಿಳಿಸಿದ.

“ನನಗೆ ಎಲ್ಲ ಗೊತ್ತಾಯಿತು ರಾಜೀವ ಅವರೇ.” ಮೇಡಂ ನಕ್ಕರು. “ನನ್ನನ್ನು ಬಿಟ್ಟು ಹೋಗಬಾರದೆಂದು ತಡೆದುಕೊಂಡೇ ತುಳಿದಿರಿ. ನಾನು ದೂರ ಉಳಿದಾಗ ಚೈನಿನ ನೆಪ ಮಾಡಿ ನಿಂತಿರಿ. ಹೋಗಲಿ, ಆ ನಾಯಿಯನ್ನೂ ಬಿಟ್ಟು ಹೋಗಲಿಲ್ಲವಲ್ಲ! ಇಷ್ಟು ವೇಗದ ಸವಾರನಿಗೆ ಇಷ್ಟು ತಾಳ್ಮೆ ಇರುವುದನ್ನು ನಾನು ನೋಡಿರಲಿಲ್ಲ.”

ಬದುಕಿದೆ! ಜೋಯಿಡಾದ ಬಸ್ಸು ರಾಜೀವನನ್ನು ಬಿಟ್ಟು ಹೊರಟಿತು. ಎಳನೀರನ್ನು ಒಂದೇ ಗುಟುಕಿಗೆ ಕುಡಿದ. ಅಮೃತದ ಹಾಗಿತ್ತು.

“ಹಾಗಾಗಿ ನಾಳೆ ಪಟ್ಟಿಯಲ್ಲಿ ನಿಮ್ಮ ಹೆಸರೇ,” ಎಂದರು ಮೇಡಂ.

“ಯಾವ ಪಟ್ಟಿ ಮೇಡಂ?”

“ನೀವು ಚೌತಿ ರಜೆಯಲ್ಲಿದ್ದಿರಿ ಅಲ್ಲವೇ, ಸುತ್ತೋಲೆ ನೋಡಿಲ್ಲ. ನಾಳೆಯಿಂದ ಇಂಧನ ಉಳಿತಾಯದ ಪ್ರಚಾರ. ಪ್ರತಿ ಕಚೇರಿಯಿಂದ ಒಬ್ಬರು, ಒಂದು ತಿಂಗಳು, ದಿನಾ ಸೈಕಲ್ಲಿನಲ್ಲಿ. ನಮ್ಮ ಪಾಲಿಗೆ ಕಾರವಾರದಿಂದ ಅಂಕೋಲೆಗೆ ಹೋಗಿ, ಸಂಜೆಗೆ ವಾಪಸ್. ದಾರಿಯ ಊರೂರಲ್ಲಿ ನಿಂತು ಪೆಟ್ರೋಲು ಉಳಿಸಿ ಎಂದು ಹೇಳಬೇಕು. ಸುತ್ತೋಲೆ ಬಂದ ದಿನದಿಂದ ಕಚೇರಿಯಲ್ಲಿ ಒಬ್ಬೊಬ್ಬರಿಗೂ ಮೊಣಕಾಲು ನೋವು. ರೋಷನ್ ಅವರೇ ನಿಮ್ಮ ಹೆಸರು ಹೇಳಿದ್ದು. ನಿಮ್ಮ ಮೊಬೈಲಿನ ದಾಖಲೆಗಳನ್ನು ನಂಬಿ ಕಳಿಸಿ, ಅರ್ಧ ದಾರಿಯಲ್ಲಿ ಏನಾದರೂ ಆದರೆ? ಅದಕ್ಕೇ ಇವತ್ತು ಕಣ್ಣಾರೆ ನೋಡಬೇಕೆಂದೆ. ಹಲ್ಲಿನ ವಿಷಯ ಒಂದು ನೆಪ.”

ರಾಜೀವ ತಿರುಗಿ ನೋಡಿದ. ಒಂದು ಕಡೆ ತಾನು ಹತ್ತಿಬಂದ ಘಟ್ಟ. ಇನ್ನೊಂದು ಕಡೆ ಬಿಣಗಾಕ್ಕೆ ಇಳಿಯುವ ರಸ್ತೆ. ಸಂಜೆಗೆ ಅದನ್ನೇ ಹತ್ತಿ ಬರಬೇಕು. ಅದರಾಚೆ ಅಮದಳ್ಳಿ, ಅವರ್ಸಾ, ಲಾರಿಗಳು. ಒಂದು ದಿನವಲ್ಲ, ಮೂವತ್ತು ದಿನ. ಇದ್ದಕ್ಕಿದ್ದಂತೆ ಜೋಯಿಡಾದ ಕಾಡು ಅವನ ಕಣ್ಣಿಗೆ ತಂಪಾಗಿ, ನೆರಳಾಗಿ ಕಂಡಿತು. ಬೆಳಗಿನಿಂದ ನುಂಗಿಕೊಂಡಿದ್ದ ನಿಜವೆಲ್ಲ ಒಮ್ಮೆಲೇ ಹೊರಗೆ ಬಂತು.

“ಮೇಡಂ, ಎಲ್ಲ ಸುಳ್ಳು! ನಾನು ಒಂದು ದಿನವೂ ಅಂಕೋಲಾಕ್ಕೆ ಸೈಕಲ್ ತುಳಿದು ಹೋಗಿಲ್ಲ. ನಿತಿನನ ಮೀನಿನ ಟೆಂಪೋದಲ್ಲಿ ಹೋಗುದು. ಸೈಕಲ್ಲು ಪೆಟ್ಟಿಗೆ ಮೇಲೆ, ನಾನು ಮುಂದಿನ ಸೀಟಲ್ಲಿ. ನಂಗೆ ನೋಟಿಸು ಕೊಡಿ. ಜೋಯಿಡಾಕ್ಕೆ ಹಾಕಿ.”

ಮೇಡಂ ಒಂದು ಗಳಿಗೆ ಅವನನ್ನೇ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಮೊಣಕಾಲು ನೋವು ಕೇಳಿದ್ದೆ, ಅತ್ತೆಯ ಕಾಯಿಲೆ ಕೇಳಿದ್ದೆ. ಮೀನಿನ ಟೆಂಪೋ ಇದೇ ಮೊದಲು. ತಪ್ಪಿಸಿಕೊಳ್ಳಲು ಎಷ್ಟು ಚೆಂದದ ಕತೆ! ಈಗ ತಾನೇ ನನ್ನ ಕಣ್ಣೆದುರಿಗೇ ಘಟ್ಟ ಹತ್ತಿ ಬಂದವರು ನೀವು ಅಲ್ಲವೇನ್ರಿ?”

ರಾಜೀವ ಜೇಬಿನ ಸ್ಪ್ಯಾನರು ತೆಗೆದು, ಬೋಲ್ಟು ಬಿಚ್ಚಿ, ನೀಲಿ ಮುಚ್ಚಳವನ್ನು ಕಿತ್ತ. ನಾಯಿ ಅದನ್ನು ನೆಕ್ಕಲು ತೊಡಗಿತು. “ನೋಡಿ ಮೇಡಂ. ಎಣಿಸಿ ಬೇಕಾದ್ರೆ. ಇಪ್ಪತ್ತೆಂಟು! ಮೂವತ್ತೆಂಟು ಅಲ್ವೇ ಅಲ್ಲ!”

ಮೇಡಂ ಬಗ್ಗಿ ಒಂದೊಂದೇ ಹಲ್ಲು ಎಣಿಸಿದರು. ಎದ್ದು ನಿಂತಾಗ ಅವರ ಮುಖ ಗಂಭೀರವಾಗಿತ್ತು. ದನಿ ಸಣ್ಣಗಾಗಿತ್ತು.

“ನನಗೆ ನಾಚಿಕೆ ಆಗಬಾರದೆಂದು ನಿಮ್ಮ ಚಕ್ರವನ್ನೇ ಸಣ್ಣದು ಮಾಡಿಕೊಂಡು ಬಂದಿರಾ? ನನಗೆ ತಿಳಿಯದ ಹಾಗೆ ಮುಚ್ಚಳವನ್ನೂ ಹಾಕಿಕೊಂಡು?” ಅವರು ಕನ್ನಡಕವನ್ನು ಏರಿಸಿಕೊಂಡರು. “ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥ ಮನುಷ್ಯರನ್ನು ನೋಡಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಕಚೇರಿಯ ಮುಂದೆ ಬಾವುಟ ತೋರಿಸಲು ನಾನೇ ಬರುತ್ತೇನೆ. ದಯವಿಟ್ಟು ಮೂವತ್ತೆಂಟನ್ನೇ ಹಾಕಿಕೊಂಡು ಬನ್ನಿ. ಎಳನೀರು ನಿಮ್ಮ ಕಡೆಯಿಂದ ಇರಲಿ, ಸಿಹಿಸುದ್ದಿ ಕೊಟ್ಟಿದ್ದೇನಲ್ಲ.”

ಅವರು ಸೈಕಲ್ಲೇರಿ ಕಾರವಾರದ ಕಡೆ ಇಳಿದು ಹೋದರು. ರಾಜೀವ ಮುಚ್ಚಳವಿಲ್ಲದ ಸೈಕಲ್ಲು ಹಿಡಿದು ನಿಂತೇ ಇದ್ದ.

“ಸಾಹೇಬ್ರೇ, ಎರಡು ಎಳನೀರಿಂದು ದುಡ್ಡು?” ಎಂದಳು ಕಾಮಿ.

ರಾಜೀವ ಜೇಬು ತಡಕಿದ. ಪರ್ಸು ಮಂಗೇಶನ ಬಲೆಯಲ್ಲೇ ಎಲ್ಲೋ ಉಳಿದಿರಬೇಕು. “ನಾಳೆ ಕೊಡ್ತೆ ಕಾಮಕ್ಕಾ.”

“ನಾಳೆ ಕೊಡ್ತೆ ಅಂದವ್ರು ಈ ಘಟ್ಟಕ್ಕೆ ತಿರುಗಿ ಬಂದದ್ದು ನಾನಂತೂ ನೋಡ್ಲಿಲ್ಲ.”

“ನಾನು ಬರ್ತೆ,” ಎಂದ ರಾಜೀವ. “ನಾಳೆ ಬರ್ತೆ. ನಾಡಿದ್ದು ಬರ್ತೆ. ದಿನಾ ಎರಡು ಸಲ ಬರ್ತೆ.”

ಕಾಮಿ ಅವನ ಮುಖವನ್ನು ನೋಡಿದಳು, ಅವನ ಕಾಲುಗಳನ್ನು ನೋಡಿದಳು. ಗಾಡಿಯಿಂದ ಇನ್ನೊಂದು ಎಳನೀರು ಆರಿಸಿ, ಕೊಚ್ಚಿ, ಅವನ ಕೈಗಿಟ್ಟಳು.

“ಹಂಗಾದ್ರೆ ಕುಡಿ ತಮ್ಮಾ,” ಎಂದಳು. “ಮೂರಾಯ್ತು.”